ಮೂರು ಮುಖದ ಅಧಿಕಾರಿ

ಕನ್ನಡಿ ನನ್ನ ಬಗ್ಗೆ ಎಂದೂ ಒಳ್ಳೆಯ ಮಾತಾಡಿದ್ದಿಲ್ಲ. ಹಾಗಿದ್ದರೂ ಸ್ವೀಡನ್ನಿನ ಈ ಉಪ್ಸಾಲಾ ಊರಿನಲ್ಲೆಲ್ಲ ನನ್ನಷ್ಟು ಫೋಟೋ ತೆಗೆಸಿಕೊಂಡ ಗಂಡಸು ಇನ್ನೊಬ್ಬನಿರಲಾರ. ಹಿಮದಲ್ಲಿ ಹೂತ ಸೈಕಲ್ಲಿನ ಪಕ್ಕ ನಾನು, ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ ವಿರಾಮಕ್ಕೆ, ಕೂತು ದಾಲ್ಚಿನ್ನಿ ಬನ್ನಿಗೆ ಬಾಯಿ ತೆರೆದ ನಾನು. ತೆಗೆದವಳು ನನ್ನ ಹೆಂಡತಿ. “ಸ್ವಲ್ಪ ನಗ್ರೀ, ವೀಸಾ ಇಂಟರ್‌ವ್ಯೂಗೆ ಬಂದೋರ ಥರ ನಿಂತಿದ್ದೀರಲ್ಲ” ಎನ್ನುತ್ತಿದ್ದಳು. ನಾನು ನಗುವಷ್ಟರಲ್ಲಿ ತೆಗೆದು ಮುಗಿಸಿರುತ್ತಿದ್ದಳು.

ಅವಳು ತೀರಿಕೊಂಡು ಮುಂದಿನ ವಾರಕ್ಕೆ ಒಂದು ವರ್ಷ. ವಿಡಿಯೋ ಕಾಲ್‌ನಲ್ಲೇ ವರ್ಷಾಬ್ದಿಕ ಮಾಡಿಸಲು ಒಪ್ಪಿದ ಬೆಂಗಳೂರಿನ ಪುರೋಹಿತರು ಎಳ್ಳು, ದರ್ಭೆ ಎಂದು ಪಟ್ಟಿ ಹೇಳಿ, ಕೊನೆಗೆ “ಅಮ್ಮನವರದ್ದು ಒಂದು ಫೋಟೋ ಇಡಿ, ಮುಖ ಸ್ಪಷ್ಟವಾಗಿರ್ಲಿ” ಎಂದರು. ದರ್ಭೆ ಸ್ಟಾಕ್‌ಹೋಮಿನಲ್ಲಿ ಸಿಕ್ಕಿತು. ಫೋಟೋ ಸಿಗಲಿಲ್ಲ. ಮಗಳು ಅಮ್ಮನ ಫೋನಿನ ಫೋಟೋಗಳಲ್ಲಿ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಿ ಬಂದು, “ಅಪ್ಪಾ, ಇಟ್ಸ್ ಜಸ್ಟ್ ಯೂ ಅಂಡ್ ಮಿ” ಅಂದಳು. ದನಿಯಲ್ಲಿ ದೂರು ಇರಲಿಲ್ಲ, ಅದೇ ನನಗೆ ಚುಚ್ಚಿತು. ಮದುವೆ ಆಲ್ಬಮ್ಮಿನ ಹುಡುಗಿಯ ಗುರುತು ಅವಳಿಗೆ ಹತ್ತಲಿಲ್ಲ. ಉಳಿದದ್ದು ಐಡಿ ಕಾರ್ಡಿನ ಚಿತ್ರ. ಅದು ಕಚೇರಿಯವರು ನಗಬೇಡಿ ಎಂದು ಹೇಳಿ ತೆಗೆದದ್ದು. ನನ್ನ ಹೆಂಡತಿಯನ್ನು ನಗದಂತೆ ನಿಲ್ಲಿಸಲು ಸರ್ಕಾರವೇ ಬೇಕಾಯಿತು.

ಹುಡುಕುವಾಗ ಒಂದು ಮ್ಯೂಸಿಯಮ್ಮಿನ ಫೋಟೋ ಎದುರಾಯಿತು. ಅದರಲ್ಲಿ ನಾನು, ನನ್ನ ಹಿಂದೆ ಹಳೇ ಕಾಲದ ಒಬ್ಬ ಸರ್ಕಾರಿ ಅಧಿಕಾರಿಯ ಮೂರು ತೈಲಚಿತ್ರ. ನಮ್ಮ ಕಡೆಯ ಅಮಲ್ದಾರರ ಗತ್ತು, ಮೇಲೊಂದು ಕೃತಕ ಕೂದಲಿನ ಟೋಪನ್ನು. ಒಂದರಲ್ಲಿ ಆಸಾಮಿ ದುಂಡಗಿದ್ದಾನೆ, ಇನ್ನೊಂದರಲ್ಲಿ ಸೊರಗಿದ್ದಾನೆ, ಮೂರನೆಯದರಲ್ಲಿ ಮೂಗೇ ಬೇರೆಯವರದ್ದು. ದಿನಾ ದಿನಚರಿ ಬರೆಯುತ್ತಿದ್ದನಂತೆ. ಅವನ ಹೆಂಡತಿಯ ಚಿತ್ರ ಒಂದೂ ಇಲ್ಲ, ಆದರೆ ದಿನಚರಿಯ ತುಂಬ ಅವಳೇ, ಅವಳ ಹಲ್ಲುನೋವು, ಬಾತುಕೋಳಿಗಳ ಜೊತೆ ಅವಳ ಜಗಳ ಎಂದು ಅಲ್ಲಿಯ ಗೈಡ್ ಹೇಳಿದ್ದಳು.

“ನೋಡ್ರೀ, ಎಷ್ಟು ಗಮನಿಸಿದಾನೆ! ನೀವಾಗಿದ್ರೆ ನನ್ ಬಗ್ಗೆ ಏನ್ ಬರೀತಿದ್ರಿ?” ಎಂದು ನನ್ನವಳು ಕೇಳಿದ್ದಳು.

“ಬಸ್ಸಿಗೆ ಹೊತ್ತಾಯ್ತು, ನಡಿ” ಎಂದಿದ್ದೆ. ಅವಳು ನಕ್ಕು, ಇನ್ನೊಂದು ಫೋಟೋ ತೆಗೆದು, ನಡೆದಳು. ಒಂದೇ ಒಂದು ಸಲ ಆ ಫೋನು ಇಸಿದುಕೊಂಡು “ನೀನು ನಿಂತ್ಕೋ” ಅನ್ನಬಹುದಿತ್ತು. ಅನ್ನಲಿಲ್ಲ.

ಐಡಿ ಕಾರ್ಡಿನ ಆ ಮುಖದ ಪಕ್ಕ ಅವಳ ಬಗ್ಗೆ ನಾಲ್ಕು ಮಾತಾದರೂ ಇರಲಿ ಎಂದು ಇದನ್ನು ಬರೆಯಲು ಕೂತೆ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಇಲ್ಲಿಯವರೆಗಿನದನ್ನು ನಾನೇ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

“ಚೆನ್ನಾಗಿದೆ ಅಪ್ಪಾ. ಆದ್ರೆ ಅಮ್ಮನ ಹೆಸರೇ ಬರ್ಲಿಲ್ವಲ್ಲ?”

ಮತ್ತೆ ಮೊದಲಿಂದ ನೋಡಿದೆ. ಇಲ್ಲೂ ಉದ್ದಕ್ಕೂ ನಾನೇ ನಿಂತಿದ್ದೇನೆ. ಅವಳ ಹೆಸರು ಸುಲೋಚನಾ.