ಇನ್ನೂರು ಹೆಜ್ಜೆಗೆ ಒಂದು ಆಟೋ

ಹೆಂಡತಿ: ಇನ್ನೂರು ಹೆಜ್ಜೆಗೆ ಆಟೋ ಯಾಕ್ರೀ?

ನಾನು: ಇನ್ನೂರ ಹತ್ತು. ನಾನೇ ಎಣಿಸಿದ್ದೀನಿ.

ಹೆಂಡತಿ: ಎಣಿಸಿದ್ದು ಮನೆ ಕೊಳ್ಳೋ ಮೊದಲು. ನಾಲ್ಕು ತಿಂಗಳಿಂದ ಆ ಬೀದಿಗೆ ಕಾಲಿಟ್ಟಿದ್ದೀರಾ?

ಬೀದಿಯ ತುದಿಯ ಹೊಸ ಹೋಟೆಲಿನಲ್ಲಿ ಊಟವೆಂದು ನಾನೇ ಹೇಳಿದ್ದೆ. ನಿವೃತ್ತನಾದ ಮೇಲೆ ಈ ಇಕ್ಕಟ್ಟಿನ ಮನೆಗೆ ಅವಳನ್ನು ಒಪ್ಪಿಸಿದವನೂ ನಾನೇ. ಮೆಟ್ಟಿಲಿಳಿದರೆ ಅಂಗಡಿಬೀದಿ, ವಾಹನಗಳಿಗೆ ಪ್ರವೇಶವಿಲ್ಲ, ಸಂಜೆ ಇಬ್ಬರೂ ಮಾತಾಡಿಕೊಂಡು ನಡೆಯಬಹುದೆಂದು ಆಸೆ ಹುಟ್ಟಿಸಿದ್ದೆ. ಈಗ ಅದೇ ಬೀದಿಯ ತುದಿಗೆ ಹಿಂದಿನ ರಸ್ತೆಯಿಂದ ಎರಡು ಮೈಲಿ ಸುತ್ತಿ ಹೋಗೋಣವೆನ್ನುತ್ತಿದ್ದೆ.

ಹೆಂಡತಿ: ಇವತ್ತು ನನ್ನ ಜೊತೆ ನಡೀತೀರೋ, ಇಲ್ಲ ಅಣ್ಣನಿಗೆ ಅವನ ಬಡಾವಣೆಯಲ್ಲೇ ಮನೆ ನೋಡು ಅನ್ನಲೋ?

ನಾನು: ಅಲ್ಲಿ ಬೆಂಕಿಪೊಟ್ಟಣಕ್ಕೂ ಕಾರು ತೆಗೀಬೇಕು ಕಣೇ!

ಹೆಂಡತಿ: ಮೊನ್ನೆ ನೀವು ಬ್ರೆಡ್ಡಿಗೆ ಆಟೋದಲ್ಲಿ ಹೋಗಿಬಂದ್ರಲ್ಲ! ಮಂಡಿನೋವಾ?

ನಾನು: ಮಂಡಿ ಗಟ್ಟಿಯಾಗಿದೆ.

ಹೆಂಡತಿ: ಯಾರ ಜೊತೆಗಾದ್ರೂ ಜಗಳಾನಾ?

ನಾನು: ಜಗಳ ಆಗಿದ್ರೆ ಎಷ್ಟೋ ವಾಸಿ.

ಹೆಂಡತಿ: ಹಾಗಾದ್ರೆ ಯಾವಳಾದ್ರೂ...

ನಾನು: ಥೂ! ಈ ವಯಸ್ಸಲ್ಲಿ!

ಬಾಯಿ ಬಿಡಲೇಬೇಕಾಯಿತು.

ನಾನು: ಕ್ಷೌರದಂಗಡಿ ದಾಟೋಕಾಗಲ್ಲ ಕಣೇ. ನಾಲ್ಕು ತಿಂಗಳ ಹಿಂದೆ ಒಂದು ದಿನ ಅಲ್ಲಿ ಜನ ತುಂಬಿದ್ರು ಅಂತ ಹಿಂದಿನ ರಸ್ತೆಯ ಕ್ಷೌರಿಕನಿಗೆ ತಲೆ ಕೊಟ್ಟೆ. ವಾಪಸ್ ಬರುವಾಗ ಈ ಬೀದಿಯವನು ಬಾಗಿಲಲ್ಲೇ ಇದ್ದ. ನನ್ನ ನೋಡಿ ಒಂದು ನಮಸ್ಕಾರ ಹಾಕಿ ಒಳಗೆ ಹೋಗ್ಬಿಟ್ಟ. ಮಾರನೇ ದಿನದಿಂದ ಅವನ ಮಗಳು ನನ್ನ ಹತ್ತಿರ ಪಾಠಕ್ಕೂ ಬರಲಿಲ್ಲ. ಅಲ್ಲಿಂದಾಚೆಗೆ ನನ್ನ ತಲೆಗೆ ಹಿಂದಿನ ರಸ್ತೆಯವನೇ ಗತಿ.

ಹೆಂಡತಿ: ಇರೋ ನಾಲ್ಕು ಕೂದಲಿಗೆ ಇಷ್ಟು ರಾದ್ಧಾಂತ?

ನಾನು: ನಾಲ್ಕೇ ಇದ್ರೆ ಕತ್ತರಿಸಿದ್ದು ಇನ್ನೂ ಎದ್ದು ಕಾಣುತ್ತೆ.

ಹೆಂಡತಿ: ತಪ್ಪು ಮಾಡಿದ್ರೆ ಒಪ್ಕೊಳ್ಳಿ ಅಂತ ಮೂವತ್ತೈದು ವರ್ಷ ಪಾಠ ಹೇಳಿದವರು ನೀವು!

ನಾನು: ಹೇಳಿದ್ದು ಮಕ್ಕಳಿಗೆ!

ಅವಳು ನನ್ನ ತೋಳು ಹಿಡಿದು ಬೀದಿಗಿಳಿಸಿದಳು. ಹುರಿದ ಕಾಫಿಬೀಜದ ಘಮ, ದರ್ಜಿಯ ಯಂತ್ರದ ಸದ್ದು, ಅಂಗಡಿಗಳ ಮುಂದಿನ ಕುರ್ಚಿಗಳಲ್ಲಿ ಕಾಲು ಚಾಚಿ ಹರಟುವ ಜನ. ಇಷ್ಟು ದಿನ ಬಂದವರೆದುರು ಈ ಬೀದಿಯನ್ನು ಹೊಗಳಿದ್ದೆನೇ ಹೊರತು ಕಣ್ಣೆತ್ತಿ ನೋಡಿರಲಿಲ್ಲ.

ಕ್ಷೌರಿಕ ಬಾಗಿಲಲ್ಲೇ ಇದ್ದ. ನಮ್ಮನ್ನು ಕಂಡದ್ದೇ ತಡ, ಪರದೆಯ ಹಿಂದೆ ಮಾಯವಾದ.

ನಾನು: ನೋಡಿದ್ಯಾ? ನನ್ನ ಮುಖ ನೋಡೋಕೂ ಇಷ್ಟವಿಲ್ಲ ಅವನಿಗೆ.

ಅವಳು ನೆಟ್ಟಗೆ ಒಳಗೆ ನುಗ್ಗಿದಳು.

ಹೆಂಡತಿ: ಏನಪ್ಪಾ, ನಮ್ಮ ಯಜಮಾನರ ಮೇಲೆ ಕೋಪಾನಾ?

ಪರದೆಯ ಹಿಂದಿನಿಂದ ಮೊದಲು ಜೋಡಿಸಿದ ಕೈಗಳು ಬಂದವು, ಆಮೇಲೆ ಮನುಷ್ಯ.

ಕ್ಷೌರಿಕ: ಕೋಪ ಮೇಷ್ಟ್ರಿಗಿರಬೇಕು ತಾಯಿ! ಅವತ್ತು ಬೆಳಿಗ್ಗೆ ಮಗಳನ್ನ ಮೂಲೆಮನೆ ಟೀಚರಮ್ಮನ ಪಾಠಕ್ಕೆ ಸೇರಿಸಿಬಂದಿದ್ದೆ. ಮೇಷ್ಟ್ರಿಗೆ ಹೇಗೆ ಹೇಳೋದು ಅಂತ ನಿಂತಿದ್ರೆ ಎದುರಿಗೇ ಬಂದ್ರು. ನಾಚಿಕೆಯಾಗಿ ಒಳಗೆ ಓಡ್ಬಿಟ್ಟೆ.

ನಾನು: ಹಾಗಾದ್ರೆ ನನ್ನ ತಲೆ?

ಕ್ಷೌರಿಕ: ತಲೆ ಯಾರು ನೋಡಿದ್ರು ಮೇಷ್ಟ್ರೇ?

ಆಗ ನೋಡಿದ.

ಕ್ಷೌರಿಕ: ಅಯ್ಯಯ್ಯೋ! ಯಾವ ಪಾಪಿ ಹೀಗೆ ಮಾಡಿದ್ದು?

ನಾಲ್ಕು ತಿಂಗಳ ಅಪರಾಧಭಾವ ಒಂದೇ ಉಸಿರಿಗೆ ಹಾರಿಹೋಯಿತು. ಅದರ ಜಾಗಕ್ಕೆ ಸಿಟ್ಟು ಬಂತು.

ನಾನು: ಆ ಟೀಚರಮ್ಮ ಏನಯ್ಯಾ ಕಲಿಸ್ತಾಳೆ?

ಕ್ಷೌರಿಕ: ಗೊತ್ತಿಲ್ಲ ಮೇಷ್ಟ್ರೇ. ಮಗಳಿಗೆ ನೂರಕ್ಕೆ ತೊಂಬತ್ತೆರಡು ಬಂತು.

ಹೆಂಡತಿ: ಅವರನ್ನ ಕೂರಿಸಿ ಸರಿಮಾಡಪ್ಪಾ. ನಾನು ಕಾಯ್ತೀನಿ. ಜೊತೇಲೇ ನಡೀತೀವಿ.

ಕುರ್ಚಿಯಲ್ಲಿ ಕುಳಿತೆ. ಅವನು ನನ್ನ ಕೊರಳಿಗೆ ಬಟ್ಟೆ ಕಟ್ಟಿ, ಕತ್ತರಿ ಹಿಡಿದು, ಕನ್ನಡಿಯಲ್ಲಿ ನನ್ನ ಮುಖ ನೋಡಿದ.

ಕ್ಷೌರಿಕ: ಮಗಳನ್ನ ಮತ್ತೆ ನಿಮ್ಮ ಹತ್ರಾನೇ ಕಳಿಸ್ಲಾ ಮೇಷ್ಟ್ರೇ?

ನಾನು ದೊಡ್ಡ ಮನಸ್ಸು ಮಾಡಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಉತ್ತರ ಬಂತು.

ಹೆಂಡತಿ: ಬೇಡಪ್ಪಾ. ಕೂದಲಾದ್ರೆ ಕೆಟ್ರೂ ತಿಂಗಳಲ್ಲಿ ಮತ್ತೆ ಬೆಳೆಯುತ್ತೆ.