ವಿರಾಮದ ದಿನ ಕೆಲಸಕ್ಕೆ ಬಂದು ಗೈರುಹಾಜರಾಗುವ ಬಗ್ಗೆ

ಸಂಬಂಧಪಟ್ಟ ಇಲಾಖೆ, ಜಿಲ್ಲಾ ಕಚೇರಿ, ರಾಯಚೂರು
ಕ್ರಮಾಂಕ: ಸಂ.ಇ/ಗುತ್ತಿಗೆ/ವಿರಾಮ/2024-25

ವಿಷಯ: ಗುತ್ತಿಗೆ ನೌಕರರ ಒಂದು ದಿನದ ಸೇವಾ ವಿರಾಮ.
ಉಲ್ಲೇಖ: ಮಾನವಿ ಶಾಖೆಯ ಕಂಪ್ಯೂಟರ್ ಆಪರೇಟರ್ ಶ್ರೀಮತಿ ಮೌನೇಶ್ವರಿ ಫೋನಿನಲ್ಲಿ ನೀಡಿದ ಉತ್ತರ.

ತಾವು ಸತತ ಸೇವೆಯಲ್ಲಿದ್ದೇವೆಂಬ ಭಾವನೆ ಗುತ್ತಿಗೆ ನೌಕರರಿಗಾಗಲಿ, ನ್ಯಾಯಾಲಯಕ್ಕಾಗಲಿ ಬಾರದಿರಲೆಂದು, ಹನ್ನೊಂದು ತಿಂಗಳಿಗೊಮ್ಮೆ ಅವರನ್ನು ಒಂದು ದಿನ ಬಿಡಿಸಿ ಮರುದಿನ ಸೇರಿಸಿಕೊಳ್ಳುವ ಪದ್ಧತಿ ಇರುತ್ತದೆ. ಪ್ರತಿ ಸಲ ಆ ದಿನವೂ ಬಂದು ದುಡಿಯುತ್ತಿದ್ದ ಶ್ರೀಮತಿ ಮೌನೇಶ್ವರಿ ಈ ಸಲ ವಿರಾಮದ ಆದೇಶವನ್ನು ಓದಿ, ಅದರಂತೆ ನಡೆದುಕೊಂಡಿರುತ್ತಾರೆ. ಮಗಳನ್ನು ಕರೆದುಕೊಂಡು ಹಿರೇಕೊಟ್ನೆಕಲ್ಲಿನ ತವರಿಗೆ ಹೋಗಿರುತ್ತಾರೆ. ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿದ್ದರಿಂದ ಕಚೇರಿಯಲ್ಲಿ ಕಂಪ್ಯೂಟರ್ ತೆರೆಯಲಿಲ್ಲ. ಹಳ್ಳಿಗಳಿಂದ ಬಂದ ಜನ ಮೆಟ್ಟಿಲ ಮೇಲೆ ಬುತ್ತಿ ಉಂಡು, ಸಂಜೆ ಬಸ್ಸಿಗೆ ವಾಪಸಾದರು. ಶಾಖೆಯ ಮುಖ್ಯಸ್ಥ ಶ್ರೀ ಬೂದೆಪ್ಪ ಅವರು ಫೋನ್ ಮಾಡಿ "ಯವ್ವಾ, ಒಂದೀಟು ಬಂದು ಹೋಗಬೇ" ಎಂದು ಕೋರಲಾಗಿ, "ಸರ್, ಬರಬ್ಯಾಡ ಅಂತ ಸಹಿ ಮಾಡಿದವರು ನೀವ ಅದೀರಿ. ಇವತ್ತು ನಾ ನಿಮ್ಮ ಆಫೀಸಿನಾಕಿ ಅಲ್ಲರಿ. ರೊಟ್ಟಿ ಬಡಿಯಾಕತ್ತೀನಿ, ಇಡ್ರಿ ಫೋನು" ಎಂಬ ಉತ್ತರ ಬಂದಿದ್ದು, ಇಲಾಖೆಯ ಮನಸ್ಸಿಗೆ ನೋವಾಗಿದೆ.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ವಿರಾಮದ ದಿನ ಗುತ್ತಿಗೆ ನೌಕರರು ಗೈರುಹಾಜರಾಗತಕ್ಕದ್ದು. ಗೈರುಹಾಜರಾಗಲು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರತಕ್ಕದ್ದು.

2. ಅಂದು ಅವರು ಸಾರ್ವಜನಿಕರಾದ್ದರಿಂದ ಕುರ್ಚಿಯಲ್ಲಿ ಕೂರುವಂತಿಲ್ಲ. ಕಿಟಕಿಯ ಹೊರಗೆ ನಿಂತು, ಒಳಗೆ ಕೈ ಚಾಚಿ ಕೀಬೋರ್ಡ್ ಒತ್ತತಕ್ಕದ್ದು.

3. ಫ್ಯಾನು ಕಾಯಂ ನೌಕರರದು. ಜಿಲ್ಲೆಯ ಬಿಸಿಲನ್ನು ಪರಿಗಣಿಸಿ, ಕಿಟಕಿಯಿಂದ ತಾನಾಗಿ ಹೊರಬರುವ ಗಾಳಿಯನ್ನು ಮಾತ್ರ ಬಳಸಲು ಅನುಮತಿಸಲಾಗಿದೆ.

4. ದೇವದುರ್ಗ ಶಾಖೆಯ ಅರೆಕಾಲಿಕ ಜವಾನ ಶ್ರೀ ದುರುಗೇಶ ಅವರು "ನಾ ಅರ್ಧ ದಿನದ ನೌಕರ, ನನಗ ವಿರಾಮನೂ ಅರ್ಧ ದಿನಾನ ಏನ್ರಿ?" ಎಂದು ಕೇಳಿರುತ್ತಾರೆ. 'ಅರೆಕಾಲಿಕ' ಎಂಬುದು ಸಂಬಳಕ್ಕೆ ಅನ್ವಯಿಸುತ್ತದೆ, ಕೆಲಸಕ್ಕಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

5. ವಿರಾಮದ ದಿನ ದುಡಿದವರಿಗೆ ಮುಖ್ಯಸ್ಥರು "ನೀವು ನಮ್ಮ ಮನಿಯವರಿದ್ದಂಗ" ಎಂದು ಹೇಳತಕ್ಕದ್ದು. ಇದನ್ನು ಯಾವ ಕಾರಣಕ್ಕೂ ಬರಹದಲ್ಲಿ ಕೊಡತಕ್ಕದ್ದಲ್ಲ.

6. ಮೇಲಿನ ಉತ್ತರದ ಕಾರಣ ಶ್ರೀಮತಿ ಮೌನೇಶ್ವರಿ ಅವರ ಮರುನೇಮಕ ಆದೇಶವನ್ನು ತಡೆಹಿಡಿಯಲಾಗಿದ್ದು, ಅವರ ವಿರಾಮ ಇನ್ನೂ ಮುಗಿದಿರುವುದಿಲ್ಲ. ಆದರೂ ಮರುದಿನದಿಂದಲೇ ಅವರು ಕಿಟಕಿಯ ಹೊರಗೆ ಬಂದು ನಿಲ್ಲುತ್ತಿರುವುದು ಶ್ಲಾಘನೀಯ. ಇದೇ ಶಿಸ್ತು ಮುಂದುವರಿದಲ್ಲಿ, ಆದೇಶದ ಬಗ್ಗೆ ಯೋಚಿಸಬಹುದೇ ಎಂದು ಯೋಚಿಸಲಾಗುವುದು.

(ಸಹಿ)
ಪ್ರಭಾರ ಅಧಿಕಾರಿ

ಪ್ರತಿಗಳು:
1. ಎಲ್ಲ ಶಾಖಾ ಮುಖ್ಯಸ್ಥರಿಗೆ, ಪಾಲನೆಗಾಗಿ.
2. ಕಾನೂನು ವಿಭಾಗಕ್ಕೆ, ಓದಬಾರದೆಂಬ ಕೋರಿಕೆಯೊಂದಿಗೆ.
3. ಶ್ರೀ ದುರುಗೇಶ ಅವರಿಗೆ, ಅರ್ಧ ಪ್ರತಿ.
4. ಶ್ರೀಮತಿ ಮೌನೇಶ್ವರಿ ಅವರು ಸದ್ಯ ಸೇವೆಯಲ್ಲಿಲ್ಲದ ಕಾರಣ ಪ್ರತಿ ಕಳುಹಿಸಲು ಅವಕಾಶವಿಲ್ಲ. ಇದನ್ನು ಮಾನವಿ ಶಾಖೆಯ ಕಿಟಕಿಯ ಹೊರಗೆ ನಿಂತು ಟೈಪ್ ಮಾಡಿಕೊಟ್ಟವರು ಅವರೇ ಆದ್ದರಿಂದ, ತಲುಪಿದೆಯೆಂದು ಭಾವಿಸಲಾಗಿದೆ.