ಭಾವನ ಹೆಲ್ಮೆಟ್ ಹಕ್ಕಿಗಳು

ನಮ್ಮ ಭಾವನಿಗೆ ಹಕ್ಕಿ ಹಿಡಿದಿದೆ! ದೆವ್ವವಾಗಿದ್ದರೆ ಆಸ್ಟ್ರೇಲಿಯಾದ ಈ ಪರ್ತ್‌ನಲ್ಲೂ ಬಿಡಿಸುವವರು ಸಿಗುತ್ತಿದ್ದರೇನೋ, ಇದಕ್ಕೆ ಮದ್ದಿಲ್ಲ.

ಭಾವ ಎಂದರೆ ಅಕ್ಕನ ಗಂಡ, ರಿಟೈರ್ಡ್ ಜಿಯಾಲಜಿಸ್ಟ್. ಇಲ್ಲಿಯ ಗಣಿಗೆ ಬರುವ ಮೊದಲು ಜಾಂಬಿಯಾದ ಕಾಡಿಗೆ ತಾಮ್ರ ಹುಡುಕಲು ಹೋಗಿ, ಹೆಲ್ಮೆಟ್ ಶ್ರೈಕ್ ಎಂಬ ಹಕ್ಕಿಗೆ ಮನಸೋತು ಬಂದರು. ತಲೆಯ ಮೇಲೆ ಬಿಳಿ ಜುಟ್ಟು, ಕಣ್ಣಿನ ಸುತ್ತ ಹಳದಿ ಫ್ರಿಲ್. ಏಳೆಂಟು ಸೇರಿ ಗಲಾಟೆ ಮಾಡುತ್ತ ಹುಳ ಹಿಡಿಯುತ್ತವಂತೆ. ಗೂಡು ಒಂದೇ ಜೋಡಿಯದಾದರೂ ಮರಿಗಳಿಗೆ ಗುಂಪೆಲ್ಲ ಉಣಿಸುತ್ತದಂತೆ. ಯಾರ ಮನೆ ಬಾರ್ಬೆಕ್ಯೂಗಾದರೂ ಕರೆಯಿರಿ, ವೆಜ್ ಸಾಸೇಜನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, "ಇದು ಕಂಬಳಿಹುಳ ಅಂದ್ಕೊಳ್ಳಿ..." ಎಂದು ಶುರು! ಆಮೇಲೆ ಯಾರಿಗೆ ತಿನ್ನಲು ಮನಸ್ಸಾದೀತು? ಕಾನ್ವೆಂಟಿನಲ್ಲಿ ಟೇಬಲ್ ಮ್ಯಾನರ್ಸ್ ಕಲಿತ ನಾನು "ಪ್ಲೀಸ್, ಭಾವ!" ಎನ್ನುತ್ತೇನೆ. ಅಕ್ಕ ಜಾಣೆ, ಹಿಯರಿಂಗ್ ಏಡ್ ತೆಗೆದಿಟ್ಟು ಕೂರುತ್ತಾಳೆ.

ಹೋದ ಚಳಿಗಾಲ ನಾನು ಬಾತ್‌ರೂಮಿನಲ್ಲಿ ಜಾರಿ ಸೊಂಟ ಮುರಿದುಕೊಂಡೆ. ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿ ನರ್ಸ್ ಆಗಿರುವ ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು: "ಆರು ವಾರ ನೋಡ್ತೀನಮ್ಮ. ಅಷ್ಟ್ರಲ್ಲಿ ನೀನೇ ಎದ್ದು ಓಡಾಡ್ಲಿಲ್ಲ ಅಂದ್ರೆ ಮನೆ ಮಾರಿ ಇಲ್ಲಿಗೆ ಬರ್ಬೇಕು. ಫೈನಲ್!"

ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯ ಈ ಮನೆ ನಾನು, ನಮ್ಮವರು ಸೇರಿ ಕಟ್ಟಿಸಿದ್ದು. ಅವರು ಹೋದರೂ ನಾನು ಬಿಟ್ಟಿರಲಿಲ್ಲ. ದಿಂಬಿಗೆ ಮುಖ ಒತ್ತಿ ಅತ್ತೆ.

ಭಾವ ರೋಸ್ಟರ್ ಬರೆದರು! ಬೀದಿಯ ಎಂಟು ಕನ್ನಡ ಮನೆಗಳಿಗೆ ದಿನಕ್ಕೊಬ್ಬರಂತೆ ಪಾಳಿ, ಕೈಗೊಂದು ಕೀ. ಡಬ್ಬಿ ತಂದವರು ನನ್ನನ್ನು ಹತ್ತು ಹೆಜ್ಜೆ ನಡೆಸಿಯೇ ಹೋಗಬೇಕು.

"ನೀನೀಗ ಮರಿ. ಸುಮ್ನೆ ಬಾಯ್ ತೆಗಿ."

"ಎಪ್ಪತ್ತಾರು ವರ್ಷದ ಮರಿನಾ, ಭಾವ?"

"ಜುಟ್ಟು ಬೆಳ್ಳಗಿದೆಯಲ್ಲ, ಅದೇ ಜಾತಿ!"

ಏಕಾದಶಿ ಬಂತು. ಆ ದಿನ ನಾನು ಅನ್ನ ಮುಟ್ಟುವುದಿಲ್ಲ. ಪಾಳಿಯವರು ಮರೆತಾರೆಂದು ಹೆದರಿ ಎಂಟೂ ಮನೆಯವರು ಉಪ್ಪಿಟ್ಟು ತಂದರು! ನಾನೋ ಉಪ್ಪಿಟ್ಟಿನ ಹುಟ್ಟುವೈರಿ. ಭಾವ ಡಬ್ಬಿಗಳನ್ನು ಸಾಲಾಗಿಟ್ಟು ಚಮಚದಿಂದ ಕುಟ್ಟಿದರು: "ಇದು ಸ್ಯಾಂಡ್‌ಸ್ಟೋನ್... ಇದು, ಅಬ್ಬಾ, ಗ್ರಾನೈಟ್!" ನಗುತ್ತ ನಗುತ್ತ ಎಂಟರಲ್ಲೂ ಒಂದೊಂದು ತುತ್ತು ತಿಂದೆ. ಅಷ್ಟು ಪ್ರೀತಿಗೆ ಬೇಡ ಎನ್ನುವುದು ಹೇಗೆ?

ಆರನೆಯ ವಾರ ಒಂದು ಮಧ್ಯಾಹ್ನ ಭಾವ ಕೀ ಮರೆತು ಬಂದು ಬೆಲ್ ಒತ್ತಿದರು. ಮನೆಯಲ್ಲಿ ನಾನೊಬ್ಬಳೇ. ವಾಕರ್ ಹಿಡಿದು, ಗೋಡೆ ಹಿಡಿದು, ಹೋಗಿ ಬಾಗಿಲು ತೆಗೆದೆ.

ಭಾವ ಡಬ್ಬಿ ಹಿಡಿದು ನಿಂತೇ ಇದ್ದರು.

"ಏನ್ ಭಾವ, ಇವತ್ತು ಹಕ್ಕಿ ಕಥೆ ಇಲ್ವಾ?"

"ಬಾಗ್ಲು ನೀನೇ ತೆಗ್ದ್ಯಲ್ಲಮ್ಮ..." ಎಂದವರೇ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

ಜೀವಮಾನವೆಲ್ಲ ಸಲೀಸಾಗಿ ಬಂದ ಥ್ಯಾಂಕ್ಯೂ ಆ ದಿನ ಸಾಲದೆನಿಸಿತು.

"ಒಳಗ್ ಬನ್ನಿ ಭಾವ," ಎಂದೆ. "ಕಾಫಿ ನಾನೇ ಮಾಡ್ತೀನಿ."